ಎರಡು ಕಾಸು, ಅರ್ಧ ಬಾಟ್ಸನ್: ದೇವರಿಗೆ ಕೊಟ್ಟದ್ದರ ಲೆಕ್ಕ



ದತ್ತಿ ಉಪನ್ಯಾಸಕ್ಕೆ ಬಂದವರು ದಾನದ ಬಗ್ಗೆಯೇ ಮಾತಾಡುವುದು ಸ್ವಲ್ಪ ಮುಜುಗರದ ಕೆಲಸ. ಪುಣ್ಯಾತ್ಮರೊಬ್ಬರು ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯಿಂದಲೇ ಈ ಮೈಕು, ಈ ಹಾರ, ಆಮೇಲೆ ಸಿಗಲಿರುವ ಚಹಾ ಎಲ್ಲ ನಡೆಯುತ್ತಿದೆ. ಕೊಟ್ಟವರ ಎದುರಿಗೇ ನಿಂತು ಕೊಡುವುದು ಹೇಗೆ ಎಂದು ಹೇಳುವುದು ಸಲ್ಲ. ಹಾಗಾಗಿ ನಾನು ಇವತ್ತು ಕೊಡುವವರ ಬಗ್ಗೆ ಎಷ್ಟು ಹೇಳುತ್ತೇನೋ, ಅಷ್ಟನ್ನೇ ಕೊಟ್ಟದ್ದನ್ನು ಕೈಯಲ್ಲಿ ಹಿಡಿದುಕೊಳ್ಳುವವರ ಬಗ್ಗೆಯೂ ಹೇಳಬೇಕೆಂದಿದ್ದೇನೆ. ಕ್ರೈಸ್ತ ಪರಂಪರೆಯಲ್ಲಿ ಈ ಎರಡನೆಯ ಮಾತು ಮೊದಲನೆಯದರಷ್ಟೇ ಹಳೆಯದು. ಅದನ್ನು ನಾವು ಮರೆತಿದ್ದೇವೆ.

ಎಲ್ಲರಿಗೂ ಗೊತ್ತಿರುವ ಕಥೆಯಿಂದ ತೊಡಗುತ್ತೇನೆ. ಯೆರೂಸಲೇಮಿನ ದೇವಾಲಯದಲ್ಲಿ ಯೇಸು ಕಾಣಿಕೆಪೆಟ್ಟಿಗೆಗೆ ಎದುರಾಗಿ ಕೂತು ಜನ ದುಡ್ಡು ಹಾಕುವುದನ್ನು ನೋಡುತ್ತಿದ್ದ. ಯೆಹೂದ್ಯರ ಮಿಷ್ನಾ ಗ್ರಂಥದ ಪ್ರಕಾರ ಅಲ್ಲಿ ಕಹಳೆಯ ಆಕಾರದ ಹದಿಮೂರು ಪೆಟ್ಟಿಗೆಗಳಿದ್ದವು. ಹಣವಂತರು ಬಂದು ಬಹಳ ಹಾಕಿದರು. ಒಬ್ಬ ಬಡ ವಿಧವೆ ಬಂದು ಎರಡು ಕಾಸು ಹಾಕಿದಳು. ಆಗ ಚಲಾವಣೆಯಲ್ಲಿದ್ದ ಅತಿ ಚಿಕ್ಕ ನಾಣ್ಯ ಅದು. ಅಂಥ ಎರಡು ಸೇರಿದರೆ ರೋಮಿನ ಒಂದು ಕ್ವಾಡ್ರನ್ಸ್ ಎಂದು ಸುವಾರ್ತೆ ಬರೆದ ಮಾರ್ಕ ತನ್ನ ಓದುಗರಿಗಾಗಿ ಲೆಕ್ಕ ಬಿಡಿಸಿ ಹೇಳುತ್ತಾನೆ. 64 ಕ್ವಾಡ್ರನ್ಸಿಗೆ ಒಂದು ದಿನಾರಿ. ದಿನಾರಿ ಎಂದರೆ ಒಂದು ದಿನದ ಕೂಲಿ. ನಮ್ಮಲ್ಲಿ ದಿನಗೂಲಿ 600 ರೂಪಾಯಿ ಎಂದು ಹಿಡಿದರೆ ಆಕೆ ಹಾಕಿದ್ದು ಒಂಬತ್ತು ರೂಪಾಯಿ ಚಿಲ್ಲರೆ. ಇವತ್ತು ಅದಕ್ಕೆ ಹೋಟೆಲಿನಲ್ಲಿ ಅರ್ಧ ಚಹಾ ಬರುತ್ತದೆ. ಅದೇ ಎಲ್ಲರದ್ದಕ್ಕಿಂತ ಹೆಚ್ಚು ಎಂದ ಯೇಸು. ಉಳಿದವರು ತಮಗೆ ಸಾಕಾಗಿ ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ಬದುಕುವುದಕ್ಕೆ ಇದ್ದದ್ದನ್ನೇ ಕೊಟ್ಟಳು ಎಂಬುದು ಅವನ ಲೆಕ್ಕ. ಕೊಟ್ಟದ್ದು ಎಷ್ಟು ಎಂದು ನೋಡದೆ, ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಎಷ್ಟು ಎಂದು ನೋಡುವ ಅಳತೆ ಇದು.

ಕಾಣಿಕೆಯ ಭಾನುವಾರಗಳಲ್ಲಿ ಪ್ರಸಂಗ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಈ ಕಥೆಯ ಹಿಂದೆ ಮುಂದೆ ಏನಿದೆ ನೋಡಿ. ಇದಕ್ಕೆ ತುಸು ಮೊದಲು ಯೇಸು ಶಾಸ್ತ್ರಿಗಳನ್ನು ಬಯ್ಯುತ್ತಾನೆ: ಉದ್ದ ನಿಲುವಂಗಿ, ಪೇಟೆಯಲ್ಲಿ ನಮಸ್ಕಾರ, ಊಟದಲ್ಲಿ ಮೊದಲ ಪಂಕ್ತಿ, ಜೊತೆಗೆ ವಿಧವೆಯರ ಮನೆಗಳನ್ನು ನುಂಗುವುದು. ಕಥೆ ಮುಗಿದ ಕೂಡಲೇ ಶಿಷ್ಯನೊಬ್ಬ ದೇವಾಲಯದ ಕಲ್ಲುಕಟ್ಟಡ ಎಷ್ಟು ಚೆನ್ನಾಗಿದೆ ಎನ್ನುತ್ತಾನೆ. ಇದರಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಉತ್ತರಿಸುತ್ತಾನೆ. 1982ರಲ್ಲಿ ಅಡಿಸನ್ ರೈಟ್ ಎಂಬ ಬೈಬಲ್ ಪಂಡಿತರು ಒಂದು ಲೇಖನ ಬರೆದು, ಯೇಸು ಇಲ್ಲಿ ವಿಧವೆಯನ್ನು ಹೊಗಳುತ್ತಿದ್ದಾನೋ, ಅವಳಿಗಾಗಿ ಮರುಗುತ್ತಿದ್ದಾನೋ ಎಂದು ಕೇಳಿದರು. ಬಡವಳ ಕೊನೆಯ ಕಾಸನ್ನೂ ಬಾಚಿಕೊಳ್ಳುವ ಒಂದು ವ್ಯವಸ್ಥೆಯ ಎದುರು ಕೂತು ಅವನು ನಿಟ್ಟುಸಿರು ಬಿಟ್ಟ ಎಂದು ಅವರ ವಾದ. ನನಗೆ ಎರಡೂ ನಿಜವೆನಿಸುತ್ತದೆ. ಹೆಂಗಸು ಉದಾರಿ, ಪೆಟ್ಟಿಗೆಯ ಹಿಂದಿರುವವರು ನಂಬಿಕೆಗೆ ತಕ್ಕವರಲ್ಲ. ಕ್ರೈಸ್ತ ದಾನದ ಎರಡು ಸಾವಿರ ವರ್ಷಗಳ ಚರಿತ್ರೆ ಈ ಎರಡು ಮಾತುಗಳ ನಡುವಿನ ಜಗ್ಗಾಟವೇ.

ದೇವರಿಗೆ ಹಿಂದಿರುಗಿಸುವುದು ಎಂಬ ಕಲ್ಪನೆ ಯೆಹೂದ್ಯರಿಂದ ಬಂದದ್ದು. ದೇವಾಲಯ ಕಟ್ಟಲು ಚಿನ್ನ ಬೆಳ್ಳಿ ಕೂಡಿಸಿದ ದಾವೀದ ಅರಸ, ಎಲ್ಲವೂ ನಿನ್ನಿಂದಲೇ ಬಂತು, ನಿನ್ನ ಕೈಯದ್ದನ್ನೇ ನಿನಗೆ ಕೊಟ್ಟಿದ್ದೇವೆ ಎಂಬ ಅರ್ಥದಲ್ಲಿ ಪ್ರಾರ್ಥಿಸಿದ. ಇದನ್ನು ಒಪ್ಪಿದರೆ ದಾನಿಗೆ ಹಮ್ಮುಪಡಲು ಏನೂ ಉಳಿಯುವುದಿಲ್ಲ. ಕೊಡುವ ಬಗೆಗೂ ಮೋಶೆಯ ಧರ್ಮಶಾಸ್ತ್ರ ನಿಯಮ ಹಾಕಿದೆ. ಹೊಲ ಕೊಯ್ಯುವಾಗ ಅಂಚಿನವರೆಗೆ ಕೊಯ್ಯಬಾರದು, ಉದುರಿದ ತೆನೆ ಆಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದದ್ದು ಈ ಹಕ್ಕಿನಿಂದ. ಇನ್ನು ದಶಮಾಂಶ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ಓದಿದರೆ ನಮ್ಮ ಅನೇಕ ಬೋಧಕರಿಗೆ ಇರುಸುಮುರುಸಾಗಬೇಕು. ಬೆಳೆಯ ಹತ್ತರಲ್ಲೊಂದು ಪಾಲನ್ನು ದೇವರ ಸನ್ನಿಧಿಗೆ ಒಯ್ದು ಮನೆಮಂದಿಯೆಲ್ಲ ಕೂತು ಸಂತೋಷವಾಗಿ ಊಟ ಮಾಡಿ ಎನ್ನುತ್ತದೆ ಅದು. ದೇವಾಲಯದ ಸೇವೆಯ ಕುಲದವರಾದ ಲೇವಿಯರನ್ನು ಮರೆಯಬೇಡಿ ಎಂದೂ ಸೇರಿಸುತ್ತದೆ. ಮೂರು ವರ್ಷಕ್ಕೊಮ್ಮೆ ಆ ಪಾಲು ಊರಲ್ಲೇ ಉಳಿದು, ಹೊಲವಿಲ್ಲದ ಲೇವಿಯರಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಹೋಗಬೇಕು. ಹತ್ತು ಪರ್ಸೆಂಟ್ ಎಂಬ ಅಂಕಿ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು, ಊಟವೂ ಹೋಯಿತು, ತಬ್ಬಲಿಯೂ ಹೋದ.

ಇನ್ನು ಅಪೊಸ್ತಲ ಪೌಲನ ವಿಷಯಕ್ಕೆ ಬರೋಣ. ಹಣ ಕೂಡಿಸುವುದರಲ್ಲಿ ಅವನಿಗಿದ್ದ ಎಚ್ಚರ ನನಗೆ ಬಹಳ ಇಷ್ಟ. ಯೆರೂಸಲೇಮಿನ ಬಡ ಭಕ್ತರಿಗಾಗಿ ಅವನು ಮಕೆದೋನ್ಯ, ಅಖಾಯ ಸೀಮೆಗಳಲ್ಲಿ ಹಣ ಎತ್ತಿದ. ಕೊರಿಂಥದವರಿಗೆ ಬರೆದ ಎರಡು ಪತ್ರಗಳಲ್ಲೂ ಅದರ ಪ್ರಸ್ತಾಪವಿದೆ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ಸಂಪಾದನೆಗೆ ತಕ್ಕಂತೆ ಮನೆಯಲ್ಲೇ ತೆಗೆದಿಡಲಿ, ನಾನು ಬಂದಾಗ ಗಡಿಬಿಡಿಯ ವಸೂಲಿ ಬೇಡ ಎಂದ. ಹಣ ಒಯ್ಯುವವರನ್ನು ನೀವೇ ಆರಿಸಿ, ಪತ್ರ ಕೊಟ್ಟು ಅವರನ್ನು ಕಳಿಸುತ್ತೇನೆ ಎಂದ. ಎರಡನೆಯ ಪತ್ರದಲ್ಲಿ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ನೇಮಿಸಿದ ಸಹೋದರನೊಬ್ಬ ಬರುತ್ತಾನೆ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು ಎಂದು ಬಿಡಿಸಿ ಹೇಳಿದ. ದೇವರ ಎದುರು ಮಾತ್ರ ಸರಿಯಾಗಿದ್ದರೆ ಸಾಲದು, ಜನರ ಕಣ್ಣಿಗೂ ಸರಿ ಕಾಣಬೇಕು ಎಂಬುದು ಅವನ ನಿಲುವು. ಈ ಪತ್ರಗಳಲ್ಲಿ ಅವನು ಎಲ್ಲಿಯೂ ದಶಮಾಂಶದ ಹೆಸರೆತ್ತುವುದಿಲ್ಲ. ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ ಇರುವುದು ಸಮವಾಗಬೇಕು ಎಂದಷ್ಟೇ ವಾದಿಸುತ್ತಾನೆ.

ಮೊದಲ ಮೂರು ಶತಮಾನಗಳ ಸಭೆಗಳು ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆದವು. ಎರಡನೆಯ ಶತಮಾನದ ನಡುವೆ ರೋಮಿನಲ್ಲಿದ್ದ ಜಸ್ಟಿನ್, ಭಾನುವಾರದ ಕಾಣಿಕೆ ತಬ್ಬಲಿಗಳಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಹೋಗುತ್ತದೆ ಎಂದು ದಾಖಲಿಸಿದ್ದಾನೆ. ಸುಮಾರು 251ರಲ್ಲಿ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಂತೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿರುವವರನ್ನೂ ಸಾಕುತ್ತಿತ್ತು. ಆ ಸಭೆಗೆ ಆಗ ಸರಕಾರದ ಆಶ್ರಯವಿಲ್ಲ, ಬದಲಿಗೆ ಕಿರುಕುಳವಿತ್ತು. ನಾಲ್ಕನೆಯ ಶತಮಾನದಲ್ಲಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಕಟ್ಟಲು ಹೊರಟ ಜೂಲಿಯನ್ ಚಕ್ರವರ್ತಿ ತನ್ನ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಎಂದು ಗೊಣಗಿದ. ವಿರೋಧಿ ಕೊಟ್ಟ ಸರ್ಟಿಫಿಕೇಟಿಗಿಂತ ದೊಡ್ಡದು ಬೇಕೆ?

ರಾಜಾಶ್ರಯ ಬಂದ ಮೇಲೆ ಚಿತ್ರ ಬದಲಾಯಿತು. ಅಂತಿಯೋಕ್ಯದ ಬೋಧಕ ಕ್ರಿಸೊಸ್ತೊಮ್ ಪ್ರಸಂಗಪೀಠದಿಂದಲೇ ಶ್ರೀಮಂತರನ್ನು ತರಾಟೆಗೆ ತೆಗೆದುಕೊಂಡ. ಬಲಿಪೀಠಕ್ಕೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಕ್ರಿಸ್ತನನ್ನು ಬಿಟ್ಟು ಬರುತ್ತೀರಲ್ಲ ಎಂಬುದು ಅವನ ಆಕ್ಷೇಪ. 779ರಲ್ಲಿ ಶಾರ್ಲಮೇನ್ ದಶಮಾಂಶವನ್ನು ಕಾನೂನಿನಿಂದ ಕಡ್ಡಾಯ ಮಾಡಿದ. ಅಲ್ಲಿಂದ ಮುಂದೆ ಯುರೋಪಿನ ರೈತನ ಮಟ್ಟಿಗೆ ದೇವರ ಪಾಲು ಮತ್ತು ದೊರೆಯ ತೆರಿಗೆ ಒಂದೇ ಆದವು. ಅದರ ಮೇಲಿನ ಸಿಟ್ಟು ಎಷ್ಟು ಬೆಳೆಯಿತೆಂದರೆ 1789ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಕ್ರಾಂತಿಕಾರಿ ಸಭೆ ಮೊದಲು ಕಿತ್ತೆಸೆದವುಗಳಲ್ಲಿ ದಶಮಾಂಶವೂ ಒಂದು. ಐರ್ಲೆಂಡಿನಲ್ಲಿ ಕಥೋಲಿಕ ರೈತರು ತಾವು ಕಾಲಿಡದ ಆಂಗ್ಲಿಕನ್ ಚರ್ಚಿಗೆ ದಶಮಾಂಶ ಕೊಡಬೇಕಾಗಿತ್ತು. 1830ರ ದಶಕದಲ್ಲಿ ಅದು ರಕ್ತಪಾತಕ್ಕೆ ಹೋಯಿತು. ಇವತ್ತಿಗೂ ಜರ್ಮನಿಯಲ್ಲಿ ನೋಂದಾಯಿತ ಕ್ರೈಸ್ತರಿಂದ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಸರಕಾರವೇ ಹಿಡಿದುಕೊಡುತ್ತದೆ. ಲೆಕ್ಕ ಅಚ್ಚುಕಟ್ಟು, ಅನುಮಾನವಿಲ್ಲ. ಆದರೆ ಸಂಬಳದ ಚೀಟಿಯಲ್ಲಿ ಕಡಿತವಾಗಿ ಹೋಗುವ ಹಣವನ್ನು ಕಾಣಿಕೆ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಈಗ ನಮ್ಮ ಕರಾವಳಿಗೆ ಸಂಬಂಧಪಟ್ಟ ಒಂದು ಸಣ್ಣ ನಾಣ್ಯದ ಕಥೆ. 1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು: ಹೆಬಿಕ್, ಲೇನರ್, ಗ್ರೈನರ್. ಆಮೇಲಿನದ್ದು ನಿಮಗೆ ಗೊತ್ತು. ಮೋಗ್ಲಿಂಗ್ ಬಂದರು, 1841ರಲ್ಲಿ ಅಚ್ಚುಕೂಟ, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ, ಶಾಲೆಗಳು, 1853ರಲ್ಲಿ ಬಂದ ಕಿಟ್ಟೆಲ್, 1894ರಲ್ಲಿ ಅವರ ಕನ್ನಡ ನಿಘಂಟು. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಪರಂಗಿಯವರಲ್ಲವೇ, ಇದ್ದೇ ಇರುತ್ತದೆ ಎಂಬ ಭಾವನೆ.

ಇರಲಿಲ್ಲ. ಮಿಶನ್ ಮೇಲಿಂದ ಮೇಲೆ ಹಣದ ಮುಗ್ಗಟ್ಟಿಗೆ ಸಿಕ್ಕಿಬೀಳುತ್ತಿತ್ತು. 1855ರಲ್ಲಿ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಎಂಬ ರೇಷ್ಮೆ ರಿಬ್ಬನ್ ಕಾರ್ಖಾನೆಯ ಮಾಲೀಕರು ಒಂದು ಉಪಾಯ ತೆಗೆದರು. ಮಿಶನ್ನಿನ ಹಿತೈಷಿಗಳು ವಾರಕ್ಕೆ ಅರ್ಧ ಬಾಟ್ಸನ್ ಎಂಬ ಸ್ವಿಸ್ ಚಿಲ್ಲರೆ, ಅಂದರೆ ಐದು ರಾಪನ್, ಕೊಡಬೇಕು. ಅಷ್ಟೇ. ಹೆಚ್ಚು ಕೊಡುವ ಒತ್ತಾಯವಿಲ್ಲ, ಮನೆಗೆಲಸದವಳಿಗೂ ನೇಕಾರನಿಗೂ ಎಟುಕುವ ಮೊತ್ತ. ಮನೆಮನೆಗೆ ಹೋಗಿ ಎತ್ತುವವರು ಇದ್ದರು, ಅವರಲ್ಲಿ ಹೆಂಗಸರೂ ಇದ್ದರು. ನಮ್ಮೂರ ಪಿಗ್ಮಿ ಕಲೆಕ್ಷನ್ ನೋಡಿದವರಿಗೆ ಇದರ ರೀತಿ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಕಟ್ಟಿದ ಹಣ ಬಡ್ಡಿ ಸಮೇತ ತಿರುಗಿ ಬರುವುದಿಲ್ಲ. ಬದಲಿಗೆ ಕೊಟ್ಟವರ ಕೈಗೆ ಮಿಶನ್ನಿನ ಸುದ್ದಿಯ ಸಣ್ಣ ಪತ್ರಿಕೆಯೊಂದು ಬರುತ್ತಿತ್ತು. ಈ ಬಗೆಯ ಉಪಾಯ ಯುರೋಪಿಗೆ ಹೊಸದೇನಲ್ಲ. ಫ್ರಾನ್ಸಿನ ಲಿಯೋನ್ ನಗರದ ಪೊಲೀನ್ ಜಾರಿಕೋ ಎಂಬ ಯುವತಿ ರೇಷ್ಮೆ ಕೆಲಸದ ಹುಡುಗಿಯರನ್ನು ಕೂಡಿಸಿಕೊಂಡು, ಒಬ್ಬೊಬ್ಬಳು ಹತ್ತು ಜನರಿಂದ ವಾರಕ್ಕೊಂದು ಸೂ ನಾಣ್ಯ ಎತ್ತುವ ಕ್ರಮವನ್ನು ಆಗಲೇ ಕಟ್ಟಿದ್ದಳು. 1822ರಲ್ಲಿ ಅದು ಕಥೋಲಿಕ ಮಿಶನ್ನುಗಳಿಗೆ ನೆರವಾಗುವ ದೊಡ್ಡ ಸಂಘವಾಯಿತು. ಜಾರಿಕೋ ಕೊನೆಗಾಲದಲ್ಲಿ ಸಾಲದಲ್ಲಿ ಮುಳುಗಿ ಸತ್ತಳು. 2022ರಲ್ಲಿ ಅವಳನ್ನು ಪುನೀತೆ ಎಂದು ಘೋಷಿಸಿದರು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಮಿಶನ್ ಮಂಗಳೂರಿನಲ್ಲಿ ನಡೆಸಿದ ಹಂಚಿನ ಕಾರ್ಖಾನೆ ಈ ಕಾಣಿಕೆಯಿಂದ ಎದ್ದದ್ದಲ್ಲ. 1865ರ ಜೆಪ್ಪು ಹಂಚು, ನೇಯ್ಗೆ, ವ್ಯಾಪಾರ ಇವೆಲ್ಲ ಬೇರೆ ಬಂಡವಾಳದ, ಲಾಭನಷ್ಟದ ಲೆಕ್ಕಗಳು. ಆದರೆ ಬೋಧಕರ ಜೀವನಕ್ಕೆ, ಶಾಲೆಗಳಿಗೆ ಹೋದ ಹಣದಲ್ಲಿ ಅರ್ಧ ಬಾಟ್ಸನ್ನಿನ ಪಾಲು ಚಿಕ್ಕದಲ್ಲ. ಕಿಟ್ಟೆಲ್ ಧಾರವಾಡದಲ್ಲೋ ಮಂಗಳೂರಲ್ಲೋ ಹಳಗನ್ನಡದ ಓಲೆಗರಿ ಎದುರಿಗಿಟ್ಟುಕೊಂಡು ಕೂತಾಗ ಅವರ ಅನ್ನದಲ್ಲಿ, ಕನ್ನಡ ಎಂಬ ಭಾಷೆಯಿದೆಯೆಂದೇ ಸರಿಯಾಗಿ ತಿಳಿಯದ ಯಾವುದೋ ಸ್ವಿಸ್ ಅಡುಗೆಯವಳ ಐದು ರಾಪನ್ನೂ ಇತ್ತು. ಅವಳ ಹೆಸರು ನಮ್ಮ ಯಾವ ಕಲ್ಲಿನ ಮೇಲೂ ಇಲ್ಲ.

ಇದನ್ನು ಪೂರ್ತಿ ಹೊಗಳಿಕೆಯಾಗಿ ಬಿಡುವಂತಿಲ್ಲ. ಅದೇ ಕಾಲದಿಂದ ಸ್ವಿಟ್ಜರ್ಲೆಂಡ್, ಜರ್ಮನಿಗಳ ಭಾನುವಾರ ಶಾಲೆಗಳಲ್ಲಿ ಒಂದು ಬಗೆಯ ಕಾಣಿಕೆ ಡಬ್ಬಿ ಚಾಲ್ತಿಗೆ ಬಂತು. ಅದರ ಮೇಲೆ ಮಂಡಿಯೂರಿದ ಕಪ್ಪು ಮಗುವಿನ ಗೊಂಬೆ. ಕಾಸು ಹಾಕಿದರೆ ಗೊಂಬೆ ತಲೆ ಆಡಿಸಿ ಥ್ಯಾಂಕ್ಸ್ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅವು ಬಳಕೆಯಲ್ಲಿದ್ದವು. ಪಡೆಯುವವನು ತಲೆಬಾಗಲೇಬೇಕೆಂದು ಮಕ್ಕಳಿಗೆ ಆಟಿಕೆಯ ಮೂಲಕ ಕಲಿಸಿದ ಹಾಗಾಯಿತು. ಇಲ್ಲಿ ನಮ್ಮ ಕಡೆಯೂ ತೊಡಕಿತ್ತು. ಮತಾಂತರವಾದವರು ಮನೆ, ಜಮೀನು, ಕುಲಕಸುಬು ಕಳೆದುಕೊಂಡಾಗ ಮಿಶನ್ನೇ ಅವರಿಗೆ ಮನೆ ಕೊಟ್ಟಿತು, ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿತು, ಭಾನುವಾರ ಪ್ರಸಂಗವನ್ನೂ ಕೊಟ್ಟಿತು. ಕೂಲಿ ಕೊಡುವ ಕೈಯೇ ಕಾಣಿಕೆ ಚೀಲವನ್ನೂ ಹಿಡಿದರೆ, ಚೀಲಕ್ಕೆ ಬೀಳುವುದರಲ್ಲಿ ಮನಸ್ಸೆಷ್ಟು, ಮುಲಾಜೆಷ್ಟು ಎಂದು ಹೇಗೆ ತಿಳಿಯುವುದು?

ಈ ಮುಲಾಜಿನಿಂದ ಪಾರಾದ ಒಂದು ಉದಾಹರಣೆ ನಮ್ಮ ದೇಶದಲ್ಲೇ ಇದೆ. ಮಿಜೋರಾಮಿನ ಹೆಂಗಸರು 1910ರಲ್ಲಿ, ಖಾಸಿ ಬೆಟ್ಟದ ಕ್ರೈಸ್ತರನ್ನು ನೋಡಿ, ಒಂದು ಪದ್ಧತಿ ಶುರುಮಾಡಿದರು. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು. ಅದನ್ನು ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಹೀಗೆ ಕೂಡಿದ್ದನ್ನು ಮನೆಮನೆಯಿಂದ ಎತ್ತಿ, ಮಾರಿ, ಸಭೆಗೆ ಕೊಡುತ್ತಾರೆ. ನಗದು ಕೈಯಲ್ಲಿಲ್ಲದ ಹೆಂಗಸೂ ಇಲ್ಲಿ ದಾನಿಯೇ. ಇವತ್ತು ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ ಹೊರಗಿನವರ ದುಡ್ಡಿಗೆ ಕೈಚಾಚದೆ ತಾನೇ ಬೇರೆಡೆಗೆ ಬೋಧಕರನ್ನು ಕಳಿಸುತ್ತದೆ. ಮಠದ ಪ್ರಸಾದನಿಲಯಕ್ಕೆ ಮನೆಮನೆಯಿಂದ ಧಾನ್ಯ ಕೊಟ್ಟು ಗೊತ್ತಿರುವ ಕನ್ನಡಿಗರಿಗೆ ಇದು ಅಪರಿಚಿತವೆನಿಸದು.

ಮತ್ತೆ ನಮ್ಮ ಕರಾವಳಿಗೆ ಮರಳಿ, ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯವರ ಬೆಳೆಹಬ್ಬಕ್ಕೆ ಬನ್ನಿ. ಬಲಿಪೀಠದ ಮುಂದೆ ಬಾಳೆಗೊನೆ, ಕುಚ್ಚಲಕ್ಕಿ, ತೆಂಗಿನಕಾಯಿ, ಬುಟ್ಟಿಯಲ್ಲಿ ಮೊಟ್ಟೆ, ಕಾಲು ಕಟ್ಟಿದ ಹುಂಜ, ಮನೆಯಲ್ಲೇ ಮಾಡಿದ ಕೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಏಲಂ ಕೂಗುವವನಿಗೆ ಊರವರೆಲ್ಲರ ಸಂಬಳ, ಸಂಬಂಧ, ಹಳೆಯ ಜಗಳ ಎಲ್ಲ ಗೊತ್ತಿರಬೇಕು. ಭಾವ ಐನೂರು ಎಂದರೆ ಭಾವಮೈದುನ ಸಾವಿರ ಎನ್ನುತ್ತಾನೆ. ಒಂದು ಸೋರೆಕಾಯಿಯನ್ನು ಏಲಂನಲ್ಲಿ ಹಿಡಿದವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಅದು ಇನ್ನೊಮ್ಮೆ ಏಲಂಗೆ ಬರುತ್ತದೆ, ಮತ್ತೊಮ್ಮೆ ಬರುತ್ತದೆ. ನಗು, ಗದ್ದಲ, ಮಕ್ಕಳ ಓಡಾಟ. ಧರ್ಮೋಪದೇಶಕಾಂಡದ ಆ ಊಟದ ಸಂತೋಷ ಎಲ್ಲಾದರೂ ಉಳಿದಿದ್ದರೆ ಇಲ್ಲಿ ಉಳಿದಿದೆ. ಆದರೆ ಆ ಸೋರೆಕಾಯಿ ತಂದವಳು ಹಿಂದೆ ಕಂಬಕ್ಕೆ ಒರಗಿ ನಿಂತಿರುತ್ತಾಳೆ. ವರದಿಯಲ್ಲಿ ಹೆಸರು ಬರುವುದು ಹೆಚ್ಚು ಕೂಗಿದವನದ್ದು.

ಕರಾವಳಿಯ ಕಥೋಲಿಕರ ಹೊಸ ತೆನೆಯ ಮೊಂತಿ ಹಬ್ಬದಲ್ಲಿ ಬೆಳೆ ಸಾಗುವ ದಿಕ್ಕು ಬೇರೆ. ಸೆಪ್ಟೆಂಬರ್ 8ರಂದು ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸಿ ಮುಗಿಸಿದ ಮೇಲೆ, ಆಶೀರ್ವದಿಸಿದ ಹೊಸ ತೆನೆಯನ್ನು ಇಗರ್ಜಿಯೇ ಮನೆಮನೆಗೆ ಹಂಚುತ್ತದೆ. ಅದರ ಕಾಳು ಹಾಲಿಗೋ ಪಾಯಸಕ್ಕೋ ಬಿದ್ದು ಎಲ್ಲರ ಬಾಯಿಗೂ ಸೇರುತ್ತದೆ. ಗದ್ದೆ ಇದ್ದವನಿಗೂ ಇಲ್ಲದವನಿಗೂ ಸಿಗುವುದು ಅದೇ ತೆನೆ.

ಇನ್ನು ಇತ್ತೀಚೆಗೆ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಕೇಳುತ್ತಿರುವ ಬಿತ್ತನೆ ಕಾಣಿಕೆಯ ಬಗ್ಗೆ ಎರಡೇ ಮಾತು. ಸಾವಿರ ಹಾಕಿ, ದೇವರು ಲಕ್ಷ ಕೊಡುತ್ತಾನೆ ಎಂಬ ಬೋಧನೆಗೆ ಪ್ರವಾದಿ ಮಲಾಕಿಯನ ಗ್ರಂಥವನ್ನು ಸಾಕ್ಷಿಗೆ ಎಳೆಯುತ್ತಾರೆ. ಮಲಾಕಿಯ ಹೇಳಿದ್ದು ದೇವಾಲಯದ ಕಣಜಕ್ಕೆ ಧಾನ್ಯ ತನ್ನಿ ಎಂದು. ಆ ಕಣಜದಿಂದ ಉಣ್ಣುತ್ತಿದ್ದವರು ಹೊಲವಿಲ್ಲದ ಲೇವಿಯರು. ಅದೇ ಅಧ್ಯಾಯದಲ್ಲಿ ಕೂಲಿಯವನ ಕೂಲಿ ಹಿಡಿದುಕೊಳ್ಳುವವರ ಮೇಲೆ ದೇವರು ಸಿಟ್ಟಾಗಿದ್ದಾನೆ. ಆ ಸಾಲನ್ನು ಯಾರೂ ಓದುವುದಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಸಾಲ ಮಾಡಿದ ಮನೆಯವರಿಂದ ಗೂಗಲ್ ಪೇಯಲ್ಲಿ ಬಿತ್ತನೆ ಹಾಕಿಸಿಕೊಳ್ಳುವವರು ನನ್ನ ಪ್ರಕಾರ ಯೇಸು ಬಯ್ದ ಶಾಸ್ತ್ರಿಗಳ ವಂಶಸ್ಥರು. ತಂದೆತಾಯಿಗೆ ಕೊಡಬೇಕಾದದ್ದನ್ನು ದೇವರಿಗೆ ಮುಡಿಪೆಂದು ಹೇಳಿ ಜಾರಿಕೊಳ್ಳುವವರನ್ನೂ ಅವನು ಅಷ್ಟೇ ಕಟುವಾಗಿ ಖಂಡಿಸಿದ್ದ ಎಂಬುದನ್ನು ದಾನಿಗಳೂ ನೆನಪಿಡಬೇಕು.

ದೇವರಿಗೆ ಕೊಟ್ಟದ್ದಕ್ಕೆ ಲೆಕ್ಕ ಕೇಳಬಾರದು ಎಂಬ ನಂಬಿಕೆ ನಮ್ಮ ಸಭೆಗಳಲ್ಲಿ ಬೇರೂರಿದೆ. ಕೇಳಿದವನು ಭಕ್ತಿಯಿಲ್ಲದವನು, ಗುಂಪುಗಾರಿಕೆ ಮಾಡುವವನು. ಹಿರಿಯರು ಕೊಟ್ಟ ಆಸ್ತಿಗಳು ಯಾರ ಹೆಸರಿನಲ್ಲಿವೆ, ಬಾಡಿಗೆ ಎಷ್ಟು, ಎಲ್ಲಿ ಹೋಯಿತು ಎಂಬ ಪ್ರಶ್ನೆಗಳು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ ಬಾಯಿಗೆ ಬರುತ್ತವೆ. ಪೌಲನಂಥ ಪೌಲನೇ ತನ್ನ ಜೊತೆ ಸಾಕ್ಷಿಗೆ ಜನ ಬೇಕೆಂದ. ನಮ್ಮ ಖಜಾಂಚಿಗಳು ಪೌಲನಿಗಿಂತ ದೊಡ್ಡವರಲ್ಲ.

ಆದ್ದರಿಂದ ಇಲ್ಲಿ ಕೂತಿರುವ ಸಭಾ ಸಮಿತಿ, ಪಾಲನಾ ಮಂಡಳಿಗಳ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಆಡಿಟ್ ಮುಗಿದ ಕೂಡಲೇ ವರ್ಷದ ಜಮಾಖರ್ಚನ್ನು, ಕಾಣಿಕೆಯಲ್ಲಿ ಬಡವರಿಗೆ ಹೋದದ್ದು ಎಷ್ಟು ಎಂಬುದನ್ನು ಬೇರೆಯೇ ಸಾಲಿನಲ್ಲಿ ಬರೆದು, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ನಿಮ್ಮ ಇಗರ್ಜಿಯ, ನಿಮ್ಮ ಸಭೆಯ ಬಾಗಿಲ ಪಕ್ಕದ ಬೋರ್ಡಿಗೆ ಹಚ್ಚಿ. ಬೆಳೆಹಬ್ಬದ ವರದಿಯಲ್ಲಿ ಏಲಂ ಕೂಗಿದವರ ಹೆಸರು ಹಾಕುವುದಾದರೆ ಸೋರೆಕಾಯಿ ತಂದವರ ಹೆಸರನ್ನೂ ಹಾಕಿ, ಇಲ್ಲವಾದರೆ ಯಾರದ್ದೂ ಬೇಡ. ಕೊಡುವವರಲ್ಲಿ ಕೋರಿಕೆ: ಚೀಲಕ್ಕೆ ಹಾಕುವ ಕೈಯಿಂದಲೇ ವರ್ಷಕ್ಕೊಮ್ಮೆ ಆ ಬೋರ್ಡಿನ ಕಾಗದವನ್ನೂ ಮುಟ್ಟಿ ಓದಿ, ಅರ್ಥವಾಗದ್ದನ್ನು ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಹಾಗೆ ಕೇಳುವವರನ್ನು ದಯವಿಟ್ಟು ಯಾರೂ ಕೂರಿಸಬೇಡಿ.